ಲೆಮ್ಯುಯೆಲ್ ಗಲಿವರ್

ಲೆಮ್ಯುಯೆಲ್ ಗಲಿವರ್ ಆಂಗ್ಲೋ-ಐರಿಷ್ ಲೇಖಕ ಜೊನಾಥನ್ ಸ್ವಿಫ್ಟ್‌ನ (1667–1745) ವಿಡಂಬನ ಕೃತಿ 'ಗಲಿವರ್ಸ್ ಟ್ರಾವೆಲ್ಸ್'ನ ನಾಯಕ ಹಾಗೂ ನಿರೂಪಕ. 1726ರ ಅಕ್ಟೋಬರ್ 28ರಂದು ಲಂಡನ್ನಿನಲ್ಲಿ ಪ್ರಕಟವಾದ ಈ ಕೃತಿಯಲ್ಲಿ ಸ್ವಿಫ್ಟ್‌ನ ಹೆಸರಿರಲಿಲ್ಲ; ಮೊದಲು ಶಸ್ತ್ರವೈದ್ಯನಾಗಿ, ಅನಂತರ ಹಲವು ಹಡಗುಗಳ ಕಪ್ತಾನನಾಗಿದ್ದ ಗಲಿವರನೇ ಅದರ ಕರ್ತೃವೆಂದು ಅಚ್ಚಾಗಿತ್ತು. ಆತನ ನಾಲ್ಕು ಸಮುದ್ರಯಾನಗಳೇ ಕೃತಿಯ ನಾಲ್ಕು ಭಾಗಗಳು. ಗಲಿವರ್ ಮಹಾವೀರನಲ್ಲ, ತತ್ತ್ವಜ್ಞಾನಿಯೂ ಅಲ್ಲ. ಕಂಡದ್ದನ್ನೆಲ್ಲ ಪ್ರಾಮಾಣಿಕವಾಗಿ ದಾಖಲಿಸುವ, ಆದರೆ ಅದರಲ್ಲಡಗಿದ ವ್ಯಂಗ್ಯವನ್ನು ಬಹುಪಾಲು ಗ್ರಹಿಸದ ಸಾಮಾನ್ಯನಾಗಿರುವುದೇ ಆತನ ಆಕರ್ಷಣೆಯ ಮೂಲ.

ಹಿನ್ನೆಲೆ

ಸುಳ್ಳು ಪ್ರವಾಸಕಥನದ ಮೂಲಕ ಅಪಹಾಸ್ಯ ಮಾಡುವ ಪದ್ಧತಿ ಹಳೆಯದು. ಎರಡನೆಯ ಶತಮಾನದ ಗ್ರೀಕ್ ಬರಹಗಾರ ಲೂಸಿಯನ್ ಚಂದ್ರಲೋಕದ ಯಾತ್ರೆಯನ್ನು ವರ್ಣಿಸಿದ್ದನು. ಸ್ವಿಫ್ಟ್‌ನ ಕಾಲದ ಇಂಗ್ಲೆಂಡಿನಲ್ಲಿ ನೈಜ ಸಮುದ್ರಯಾನದ ಕಥನಗಳು ಜನಪ್ರಿಯವಾಗಿದ್ದವು. ವಿಲಿಯಂ ಡ್ಯಾಂಪಿಯರನ ಪ್ರವಾಸಕಥನ 1697ರಲ್ಲಿ, ಡೇನಿಯಲ್ ಡೀಫೋನ 'ರಾಬಿನ್ಸನ್ ಕ್ರೂಸೋ' 1719ರಲ್ಲಿ ಪ್ರಕಟವಾಗಿದ್ದವು. ಈ ಬಗೆಯ ಬರಹಗಳ ನಿರಾಡಂಬರ ಶೈಲಿಯನ್ನೇ ಸ್ವಿಫ್ಟ್ ತನ್ನ ನಾಯಕನಿಗೆ ಕೊಟ್ಟನು. ಗಲಿವರ್ ತಾನು ನಾಟಿಂಗ್‌ಹ್ಯಾಮ್‌ಶೈರಿನವನು, ಐವರು ಗಂಡುಮಕ್ಕಳಲ್ಲಿ ಮೂರನೆಯವನು, ಕೇಂಬ್ರಿಜ್ ಮತ್ತು ಲೈಡನ್‌ಗಳಲ್ಲಿ ಓದಿದವನು ಎಂದು ಪರಿಚಯಿಸಿಕೊಳ್ಳುತ್ತಾನೆ. 1699ರ ಮೇ 4ರಂದು ಬ್ರಿಸ್ಟಲ್‌ನಿಂದ ಹೊರಟ ಹಡಗಿನ ಹೆಸರನ್ನೂ ಬಿಡದೆ ಹೇಳುತ್ತಾನೆ. ಇಷ್ಟು ಲೆಕ್ಕವಿಟ್ಟು ಮಾತನಾಡುವವನನ್ನು ನಂಬದಿರುವುದು ಕಷ್ಟ. ಆದರೆ ಇಂಗ್ಲಿಷಿನಲ್ಲಿ ಸುಲಭವಾಗಿ ಮೋಸಹೋಗುವವನನ್ನು ಸೂಚಿಸುವ 'ಗಲ್' ಎಂಬ ಪದವು ಆತನ ಹೆಸರಿನಲ್ಲೇ ಇರುವುದನ್ನು ಹಲವರು ಗುರುತಿಸಿದ್ದಾರೆ.

ಕುಬ್ಜರ ಮತ್ತು ದೈತ್ಯರ ನಡುವೆ

ಲಿಲಿಪುಟ್ ದೇಶದ ಜನರ ಎತ್ತರ ಆರು ಅಂಗುಲಕ್ಕಿಂತ ಕಡಿಮೆ. ಅಲ್ಲಿ ಹಗ್ಗದ ಮೇಲೆ ಚೆನ್ನಾಗಿ ಕುಣಿದವರಿಗೆ ಉನ್ನತ ಪದವಿ ದೊರೆಯುತ್ತದೆ. ಮೊಟ್ಟೆಯನ್ನು ಯಾವ ತುದಿಯಿಂದ ಒಡೆಯಬೇಕೆಂಬ ವಿವಾದಕ್ಕಾಗಿ ಸಾವಿರಾರು ಜನ ಪ್ರಾಣ ತೆತ್ತಿದ್ದಾರೆ. ಇಂಗ್ಲೆಂಡಿನ ಆಸ್ಥಾನ ರಾಜಕೀಯವನ್ನೂ ಕ್ರೈಸ್ತ ಪಂಗಡಗಳ ಕಲಹವನ್ನೂ ಕುರಿತ ಈ ಕುಟುಕನ್ನು ಗಲಿವರ್ ಒಮ್ಮೆಯೂ ನಗದೆ ವರದಿ ಮಾಡುತ್ತಾನೆ. ಅಲ್ಲಿನ ಖಜಾಂಚಿಯ ಪತ್ನಿಗೂ ತನಗೂ ಸಂಬಂಧವಿದೆಯೆಂಬ ವದಂತಿ ಹಬ್ಬಿದಾಗ ಆತ ನೀಡುವ ಸಮರ್ಥನೆ ಇಡೀ ಕೃತಿಯ ಅತ್ಯಂತ ಹಾಸ್ಯಮಯ ಭಾಗಗಳಲ್ಲೊಂದು. ಆಕೆ ಯಾವಾಗಲೂ ಬಹಿರಂಗವಾಗಿಯೇ, ಜೊತೆಗಾರರೊಡನೆ ಬರುತ್ತಿದ್ದಳೆಂದು ಆತ ಗಂಭೀರವಾಗಿ ವಾದಿಸುತ್ತಾನೆ; ಖಜಾಂಚಿಗಿಂತ ತನ್ನ ಬಿರುದು ಮೇಲಿನದೆಂದೂ ನೆನಪಿಸುತ್ತಾನೆ. ಇಬ್ಬರ ಗಾತ್ರದ ಅಂತರವೊಂದನ್ನು ಮಾತ್ರ ಹೇಳುವುದಿಲ್ಲ. ಕೆಲವೇ ತಿಂಗಳುಗಳಲ್ಲಿ ಆತನೂ ಮನಸ್ಸಿನಲ್ಲಿ ಲಿಲಿಪುಟ್ಟಿನವನಾಗಿದ್ದಾನೆ.

ಬ್ರಾಬ್ಡಿಂಗ್‌ನ್ಯಾಗ್‌ನಲ್ಲಿ ಅಳತೆ ತಿರುಗುಮುರುಗಾಗುತ್ತದೆ. ಆತನನ್ನು ಸಾಕುವ ಒಂಬತ್ತು ವರ್ಷದ ಬಾಲಕಿಯೇ ಸುಮಾರು ನಲವತ್ತು ಅಡಿ ಎತ್ತರ. ಸಿಡಿಮದ್ದಿನ ರಹಸ್ಯವನ್ನು ತಿಳಿಸಲು ಗಲಿವರ್ ಮುಂದಾದಾಗ ಅಲ್ಲಿನ ರಾಜ ದಿಗ್ಭ್ರಮೆಗೊಂಡು ನಿರಾಕರಿಸುತ್ತಾನೆ. ರಾಜನದು ಸಂಕುಚಿತ ಬುದ್ಧಿಯೆಂದು ಗಲಿವರ್ ಮರುಗುತ್ತಾನೆ. ಲಿಲಿಪುಟ್ಟಿನ ಜನರನ್ನು ಮೇಲಿನಿಂದ ನೋಡಿ ನಕ್ಕ ಓದುಗ ಈಗ ಗಲಿವರನೊಡನೆ ರಾಜನ ಅಂಗೈಯ ಮೇಲೆ ನಿಂತಿರುತ್ತಾನೆ. ಮಕ್ಕಳಿಗಾಗಿ ಸಂಗ್ರಹಿಸಿದ ಆವೃತ್ತಿಗಳು ಸಾಮಾನ್ಯವಾಗಿ ಈ ಎರಡು ಯಾನಗಳಿಗೇ ಮುಗಿಯುತ್ತವೆ.

ಕೊನೆಯ ಯಾನಗಳು

ಹಾರುವ ದ್ವೀಪ ಲಪೂಟವನ್ನೂ, ಸೌತೆಕಾಯಿಯಿಂದ ಸೂರ್ಯಕಿರಣ ತೆಗೆಯಹೊರಟ ವಿದ್ವಾಂಸರನ್ನೂ ಒಳಗೊಂಡ ಮೂರನೆಯ ಭಾಗದಲ್ಲಿ ಗಲಿವರ್ ಬಹುತೇಕ ಪ್ರೇಕ್ಷಕ ಮಾತ್ರ. ಕಥನವೂ ಅಲ್ಲಿ ಸಡಿಲವಾಗಿದೆ.

ನಾಲ್ಕನೆಯ ಭಾಗದಲ್ಲಿ ಆತ ವಿವೇಕಶಾಲಿ ಕುದುರೆಗಳಾದ ಹುಯಿನಿಮ್‌ಗಳನ್ನೂ, ಮನುಷ್ಯರೂಪದ ಕೊಳಕು ಪ್ರಾಣಿಗಳಾದ ಯಾಹೂಗಳನ್ನೂ ಕಾಣುತ್ತಾನೆ. ತಾನೂ ಯಾಹೂ ಎಂಬ ಅರಿವಿನಿಂದ ಕುಸಿಯುತ್ತಾನೆ. ಇಲ್ಲಿ ವಿಮರ್ಶಕರಲ್ಲಿ ಭಿನ್ನಾಭಿಪ್ರಾಯವಿದೆ. ಕುದುರೆಗಳ ಬಾಳೇ ಸ್ವಿಫ್ಟ್‌ನ ಆದರ್ಶವೆಂದು ಕೆಲವರ ವಾದ. ಈ ಘಟ್ಟದಲ್ಲಿ ಗಲಿವರನೇ ವಿಡಂಬನೆಯ ಗುರಿಯೆಂದು ಉಳಿದವರ ಮತ. ಎರಡನೆಯ ಮತಕ್ಕೆ ಬಲವಾದ ಆಧಾರ ಪೋರ್ಚುಗೀಸ್ ಕಪ್ತಾನ ಪೆಡ್ರೋ ಡಿ ಮೆಂಡೆಜ್‌ನ ಪಾತ್ರ. ಆತ ಗಲಿವರನನ್ನು ಹಡಗಿನಲ್ಲಿ ಕರೆದೊಯ್ದು, ಲಿಸ್ಬನ್ನಿನ ತನ್ನ ಮನೆಯಲ್ಲಿರಿಸಿಕೊಂಡು, ಹೆಂಡತಿ ಮಕ್ಕಳ ಬಳಿಗೆ ಮರಳುವಂತೆ ಒಪ್ಪಿಸಿ, ಇಪ್ಪತ್ತು ಪೌಂಡುಗಳ ಸಾಲವನ್ನೂ ಕೊಡುತ್ತಾನೆ. ಗಲಿವರನಿಗೆ ಮಾತ್ರ ಆತನ ಮೈವಾಸನೆಯನ್ನು ಸಹಿಸಲಾಗುವುದಿಲ್ಲ. ಊರು ಸೇರಿದ ಮೇಲೆ ಎರಡು ಕುದುರೆಮರಿಗಳನ್ನು ಕೊಂಡು, ದಿನಕ್ಕೆ ನಾಲ್ಕು ಗಂಟೆಯಾದರೂ ಅವುಗಳೊಡನೆ ಮಾತನಾಡುತ್ತಾನೆ.