ಪಾದರಸ ತೆಗೆದರು, ಆಟಿಸಂ ಇಳಿಯಿತಾ?

ಮಕ್ಕಳ ಲಸಿಕೆಯಲ್ಲಿ ಪಾದರಸ ಇದೆಯಾ? ಇದೆ. ಎಲ್ಲದರಲ್ಲೂ ಇಲ್ಲ, ಕೆಲವದರಲ್ಲಿ ಇದೆ. ಇದನ್ನ ಮೊದಲೇ ಹೇಳಿಬಿಡ್ತೀನಿ. ಯಾಕಂದ್ರೆ ಮುಚ್ಚಿಡೋಕೆ ಹೋದಾಗಲೇ ಗುಮಾನಿ ಬೆಳೆಯೋದು. ನಮ್ಮ ಆರೋಗ್ಯ ಕೇಂದ್ರಗಳಲ್ಲಿ ಆರು, ಹತ್ತು, ಹದಿನಾಲ್ಕನೇ ವಾರಕ್ಕೆ ಮಗುವಿಗೆ ಹಾಕುವ ಪೆಂಟಾ ಲಸಿಕೆಯಲ್ಲಿ ಥಿಯೋಮೆರ್ಸಾಲ್ ಅನ್ನುವ ಸಂರಕ್ಷಕ ಇರುತ್ತೆ. ಒಂದು ಡೋಸ್‌ನಲ್ಲಿ ಸುಮಾರು 25 ಮೈಕ್ರೋಗ್ರಾಂ. ಅದರ ತೂಕದಲ್ಲಿ ಅರ್ಧದಷ್ಟು ಪಾದರಸ. ಮೈಕ್ರೋಗ್ರಾಂ ಅಂದ್ರೆ ಒಂದು ಗ್ರಾಂನ ಹತ್ತು ಲಕ್ಷದಲ್ಲಿ ಒಂದು ಪಾಲು. ಆದರೂ ಪಾದರಸ ಪಾದರಸವೇ ಅಲ್ವಾ? ಥರ್ಮಾಮೀಟರ್ ಒಡೆದರೆ ‘ಮುಟ್ಟಬೇಡ’ ಅಂತ ಮನೆಮಂದಿಯೆಲ್ಲ ಕೂಗುತ್ತಿದ್ದ ವಸ್ತು ಅದು. ಅದನ್ನ ಒಂದೂವರೆ ತಿಂಗಳ ಕೂಸಿಗೆ ಚುಚ್ಚುತ್ತಾರೆ ಅಂದ್ರೆ ಹೆತ್ತವರ ಎದೆ ಧಸಕ್ ಅನ್ನೋದು ಸಹಜ. ಹಾಗೆ ಕೇಳಿದವರನ್ನ ದಡ್ಡರು ಅಂತ ಗದರಿಸುವ ಡಾಕ್ಟರುಗಳ ಮೇಲೆ ನನಗೆ ಸಿಟ್ಟಿದೆ.

ಅದು ಅಲ್ಲಿಗೆ ಯಾಕೆ ಬಂತು? 1928ರ ಜನವರಿ. ಆಸ್ಟ್ರೇಲಿಯಾದ ಬುಂಡಬರ್ಗ್ ಅನ್ನುವ ಊರು. ಗಂಟಲುಮಾರಿಗೆ ಲಸಿಕೆ ಹಾಕ್ತಿದ್ದರು. ಒಂದೇ ಬಾಟಲಿಯಿಂದ ಮತ್ತೆ ಮತ್ತೆ ಔಷಧಿ ಎಳೆದು ಮಕ್ಕಳಿಗೆ ಚುಚ್ಚುತ್ತಿದ್ದರು. ಬಾಟಲಿಯೊಳಗೆ ಸಂರಕ್ಷಕ ಇರಲಿಲ್ಲ. ಬ್ಯಾಕ್ಟೀರಿಯಾ ಸೇರಿಕೊಂಡಿತು, ಬೆಳೆಯಿತು. ಆವತ್ತು ಲಸಿಕೆ ಹಾಕಿಸಿಕೊಂಡ 21 ಮಕ್ಕಳಲ್ಲಿ 12 ಮಕ್ಕಳು ತೀರಿಕೊಂಡರು. ಬಾಟಲಿಯಲ್ಲಿ ಕ್ರಿಮಿ ಬೆಳೆಯದ ಹಾಗೆ ತಡೆಯೋಕೆ ಏನಾದರೂ ಬೇಕು ಅಂತ ಜಗತ್ತಿಗೆ ಅರ್ಥವಾಗಿದ್ದು ಇಂಥ ಸಾವುಗಳಿಂದ. 1930ರ ದಶಕದಿಂದ ಥಿಯೋಮೆರ್ಸಾಲ್ ಬಳಕೆಗೆ ಬಂತು.

ನಮ್ಮ ಪೆಂಟಾ ಬರುವುದೂ 10 ಡೋಸ್‌ಗಳ ಶೀಶೆಯಲ್ಲೇ. ಸೂಜಿ ಹತ್ತು ಸಲ ರಬ್ಬರ್ ಮುಚ್ಚಳದೊಳಗೆ ಹೋಗಿಬರುತ್ತೆ. ಸಂರಕ್ಷಕ ಇರೋದರಿಂದ, ತಣ್ಣಗೆ ಇಟ್ಟು ನಿಯಮ ಪಾಲಿಸಿದರೆ, ತೆರೆದ ಶೀಶೆಯನ್ನ 28 ದಿನದವರೆಗೆ ಬಳಸಬಹುದು. ದಡಾರ-ರುಬೆಲ್ಲಾ ಲಸಿಕೆಯಲ್ಲಿ ಅದಿಲ್ಲ, ಹಾಗಾಗಿ ಕಲಸಿದ ನಾಲ್ಕು ಗಂಟೆಯೊಳಗೆ ಮುಗಿಸಬೇಕು, ಉಳಿದದ್ದು ಕಸಕ್ಕೆ. ಪೋಲಿಯೋ ಹನಿಯಲ್ಲೂ ಪಾದರಸ ಇಲ್ಲ.

ಸರಿ, ಗಲಾಟೆ ಶುರುವಾಗಿದ್ದು ಎಲ್ಲಿ? ಅಮೆರಿಕದಲ್ಲಿ, 1999ರಲ್ಲಿ. ಅಲ್ಲಿನ ಔಷಧ ನಿಯಂತ್ರಣ ಸಂಸ್ಥೆ ಲೆಕ್ಕ ಹಾಕಿ ನೋಡಿತು. ಮೊದಲ ಆರು ತಿಂಗಳಲ್ಲಿ ಒಂದು ಮಗುವಿಗೆ ಲಸಿಕೆಗಳಿಂದ ಹೆಚ್ಚೆಂದರೆ 187.5 ಮೈಕ್ರೋಗ್ರಾಂ ಪಾದರಸ ಹೋಗಬಹುದು ಅಂತ ಬಂತು. ಪರಿಸರ ಇಲಾಖೆಯ ಮಿತಿಗಿಂತ ಜಾಸ್ತಿ! ಆ ವರ್ಷ ಜುಲೈನಲ್ಲಿ ಸರ್ಕಾರವೂ ಮಕ್ಕಳ ವೈದ್ಯರ ಸಂಘವೂ ಸೇರಿ ಜಂಟಿ ಹೇಳಿಕೆ ಕೊಟ್ಟವು. ಹಾನಿಯಾದ ಪುರಾವೆ ಇಲ್ಲ, ಆದರೂ ಮುನ್ನೆಚ್ಚರಿಕೆಗೆ ತೆಗೆದುಬಿಡೋಣ ಅಂತ. ಜನ ಏನಂದುಕೊಂಡರು? ತಪ್ಪಿಲ್ಲ ಅಂದ್ರೆ ತೆಗೆಯೋದ್ಯಾಕೆ ಅಂತ. ನಾನಾದರೂ ಅದನ್ನೇ ಕೇಳುತ್ತಿದ್ದೆ.

ಆದರೆ ಆ ಮಿತಿಯಲ್ಲೊಂದು ತೊಡಕಿತ್ತು. ಅದು ಮೀಥೈಲ್ ಪಾದರಸದ ಮಿತಿ. ಜಪಾನಿನ ಮಿನಮಾಟದಲ್ಲಿ ಕಾರ್ಖಾನೆಯಿಂದ ಸಮುದ್ರಕ್ಕೆ ಹರಿದು, ಮೀನಿನ ಮೂಲಕ ಜನರ ನರಮಂಡಲ ಹಾಳುಮಾಡಿದ್ದು ಇದೇ ಮೀಥೈಲ್. ಲಸಿಕೆಯಿಂದ ದೇಹಕ್ಕೆ ಸೇರೋದು ಈಥೈಲ್. ಹೆಸರು ಹತ್ತಿರ, ಗುಣ ಬೇರೆ. ಈ ವ್ಯತ್ಯಾಸ ಬೆಂಗಳೂರಿಗರಿಗೆ ಬಿಡಿಸಿ ಹೇಳಬೇಕಾಗಿಲ್ಲ. 1981ರ ಕಳ್ಳಬಟ್ಟಿ ದುರಂತದಲ್ಲಿ 300ಕ್ಕೂ ಹೆಚ್ಚು ಜನ ಸತ್ತದ್ದು ಮೀಥೈಲ್ ಆಲ್ಕೋಹಾಲ್‌ನಿಂದ. ಬಾರಿನಲ್ಲಿ ಸಿಗೋದು ಈಥೈಲ್ ಆಲ್ಕೋಹಾಲ್. (ಅದೂ ಒಳ್ಳೇದಲ್ಲ ಅಂತ ಮನೆಯವರು ಹೇಳ್ತಾರೆ, ಒಪ್ಕೋತೀನಿ.) ಮೀಥೈಲ್ ಪಾದರಸ ರಕ್ತದಲ್ಲಿ ಅರ್ಧಕ್ಕಿಳಿಯಲು ತಿಂಗಳಿಗೂ ಹೆಚ್ಚು ಬೇಕು. ಶಿಶುಗಳಲ್ಲಿ ಈಥೈಲ್ ಅರ್ಧಕ್ಕಿಳಿಯಲು ಒಂದು ವಾರದ ಆಸುಪಾಸು ಸಾಕು.

ರಸಾಯನಶಾಸ್ತ್ರ ನಂಬದಿದ್ದರೆ ಬೇಡ, ಲೆಕ್ಕ ನೋಡಿ. ಪಾದರಸದಿಂದಲೇ ಆಟಿಸಂ ಬರೋದಾದರೆ ಪಾದರಸ ತೆಗೆದ ಮೇಲೆ ಅದು ಇಳಿಯಬೇಕಲ್ಲ? ಡೆನ್ಮಾರ್ಕ್ 1992ರಲ್ಲೇ ತೆಗೆಯಿತು. ಆಮೇಲೂ ಪ್ರಕರಣಗಳು ಏರಿದವು. ಅಲ್ಲಿ 4,67,450 ಮಕ್ಕಳ ದಾಖಲೆ ಹೋಲಿಸಿದ ಅಧ್ಯಯನ 2003ರಲ್ಲಿ ಬಂತು. ಥಿಯೋಮೆರ್ಸಾಲ್ ಇದ್ದ ಲಸಿಕೆ ಪಡೆದವರಲ್ಲಿ ಆಟಿಸಂ ಹೆಚ್ಚಿರಲಿಲ್ಲ. ಅಮೆರಿಕದಲ್ಲಿ 2001ರ ಹೊತ್ತಿಗೆ ಕೆಲವು ಫ್ಲೂ ಲಸಿಕೆ ಬಿಟ್ಟು ಮಕ್ಕಳ ಲಸಿಕೆಗಳಿಂದ ಅದು ಹೋಯಿತು. ಕ್ಯಾಲಿಫೋರ್ನಿಯಾದ ಅಂಕಿಅಂಶ 2008ರಲ್ಲಿ ಹೊರಬಂತು. ಅಲ್ಲೂ ಏರಿಕೆಯೇ! ಸಾವಿರಾರು ಕುಟುಂಬಗಳು ಪರಿಹಾರಕ್ಕೆ ಅರ್ಜಿ ಹಾಕಿದ್ದವು. 2010ರಲ್ಲಿ ಅಲ್ಲಿನ ವಿಶೇಷ ನ್ಯಾಯಪೀಠ ಪಾದರಸದ ವಾದವನ್ನ ತಳ್ಳಿಹಾಕಿತು.

ಹಾಗಾದ್ರೆ ಹೆತ್ತವರು ಸುಳ್ಳು ಹೇಳ್ತಾರಾ? ಖಂಡಿತ ಇಲ್ಲ. ಆಟಿಸಂನ ಲಕ್ಷಣ ಕಣ್ಣಿಗೆ ಬೀಳೋದು ಹೆಚ್ಚಾಗಿ ಎರಡನೇ ವರ್ಷದಲ್ಲಿ. ಬೂಸ್ಟರ್ ಲಸಿಕೆ ಹಾಕಿಸೋದೂ ಅದೇ ವಯಸ್ಸಿನಲ್ಲಿ. ಮೊನ್ನೆ ಚುಚ್ಚಿಸಿದ್ದು, ಇವತ್ತು ಮಗು ಕರೆದರೆ ತಿರುಗಲ್ಲ. ತಾಯಿಯ ಮನಸ್ಸು ಎರಡನ್ನೂ ಕೂಡಿಸಿ ನೋಡದೆ ಇರುತ್ತಾ? ನಮ್ಮ ಟೀವಿ ಭಾಷೆಯಲ್ಲಿ ‘ಪಾದರಸದ ಸೂಜಿ’ ಅನ್ನೋದು ಎರಡು ಪದದ ಹೆಡ್‌ಲೈನ್. ಉತ್ತರ ಹೇಳೋಕೆ ಅರ್ಧ ಗಂಟೆ ಬೇಕು.

ಈ ಭಯಕ್ಕೆ ಬೆಲೆ ತೆತ್ತವರು ಮಕ್ಕಳು. ದೇಹದಿಂದ ಪಾದರಸ ಹೊರಹಾಕ್ತೀವಿ, ಆಟಿಸಂ ವಾಸಿಯಾಗುತ್ತೆ ಅಂತ ಕೀಲೇಷನ್ ಅನ್ನುವ ಚಿಕಿತ್ಸೆ ಮಾರಾಟಕ್ಕಿಳಿಯಿತು. 2005ರಲ್ಲಿ ಪೆನ್ಸಿಲ್ವೇನಿಯಾದಲ್ಲಿ ಐದು ವರ್ಷದ ಹುಡುಗನೊಬ್ಬ ಅದೇ ಚಿಕಿತ್ಸೆಯ ನಡುವೆ ಪ್ರಾಣ ಬಿಟ್ಟ. ರಕ್ತದಲ್ಲಿನ ಕ್ಯಾಲ್ಸಿಯಂ ಕುಸಿದು ಹೃದಯ ನಿಂತಿತ್ತು.

ಅದೇ ವರ್ಷ ಪಾದರಸದ ಆರೋಪ ಹೊರಿಸಿ ರಾಬರ್ಟ್ ಕೆನಡಿ ಜೂನಿಯರ್ ಲೇಖನ ಬರೆದಿದ್ದರು. ಪ್ರಕಟಿಸಿದ್ದ ಸಲೋನ್ 2011ರಲ್ಲಿ ಅದನ್ನ ಹಿಂತೆಗೆದುಕೊಂಡಿತು. ಆದರೆ 2025ರಲ್ಲಿ ಅದೇ ಕೆನಡಿ ಅಮೆರಿಕದ ಆರೋಗ್ಯ ಮಂತ್ರಿ. ಉಳಿದಿದ್ದ ಫ್ಲೂ ಲಸಿಕೆಗಳಿಂದಲೂ ಥಿಯೋಮೆರ್ಸಾಲ್ ತೆಗೆಯುವ ಆದೇಶಕ್ಕೆ ಸಹಿ ಹಾಕಿದರು. ಅಲ್ಲಿ ಒಂಟಿ ಡೋಸ್ ಶೀಶೆಗೆ ದುಡ್ಡಿದೆ, ಫ್ರಿಜ್‌ನಲ್ಲಿ ಜಾಗ ಇದೆ. ಆ ಸುದ್ದಿಯ ತುಣುಕು ಮಾತ್ರ ವಾಟ್ಸ್ಆ್ಯಪ್‌ನಲ್ಲಿ ಹಾರಿ ನಮ್ಮ ಹಳ್ಳಿಗೂ ಬರುತ್ತೆ. ಐಸ್ ಪ್ಯಾಕ್ ತುಂಬಿದ ಡಬ್ಬಿ ಹೆಗಲಿಗೆ ಹಾಕ್ಕೊಂಡು ಬರುವ ಸಿಸ್ಟರ್ ಅಂಗನವಾಡಿಯಲ್ಲಿ ಅದಕ್ಕೆ ಉತ್ತರ ಕೊಡಬೇಕು.

ವರ್ಷ ತುಂಬಿದ ಮಗು ಹೆಸರು ಹಿಡಿದು ಕರೆದರೆ ತಿರುಗದಿದ್ದರೆ, ಬೇಕಾದ್ದಕ್ಕೆ ಬೆರಳು ತೋರಿಸದಿದ್ದರೆ, ಬಂದ ಮಾತು ನಿಂತುಹೋದರೆ, ಕಾಯಬೇಡಿ. ಬೆಂಗಳೂರಿನಲ್ಲಿ ನಿಮ್ಹಾನ್ಸ್ ಇದೆ. ಮೈಸೂರಿನ ಮಾನಸಗಂಗೋತ್ರಿಯಲ್ಲಿ ವಾಕ್ ಶ್ರವಣ ಸಂಸ್ಥೆ ಇದೆ. ಹೋಗುವಾಗ ತಾಯಿ ಕಾರ್ಡ್ ಇಟ್ಕೊಂಡು ಹೋಗಿ, ಬಾಕಿ ಇರುವ ಲಸಿಕೆಯನ್ನೂ ಕೇಳಿ ಹಾಕಿಸಿ.