ಬಿಳಿ ಇಲಿಯನ್ನು ಬಾಲ ಹಿಡಿದು ಎತ್ತಬೇಡಿ

‘ಇಲಿ ಸಾಕುತ್ತೇನೆ’ ಎಂದು ಮನೆಯಲ್ಲಿ ಹೇಳಿ ನೋಡಿ. ಮೊದಲು ಎಲ್ಲರೂ ನಗುತ್ತಾರೆ. ನೀವು ನಿಜಕ್ಕೂ ಹೇಳುತ್ತಿದ್ದೀರಿ ಎಂದು ಗೊತ್ತಾದ ಮೇಲೆ ಬೈಗುಳ ಶುರುವಾಗುತ್ತದೆ. ‘ಇರೋ ಇಲಿಗಳ ಕಾಟವೇ ಸಾಲದೇನೋ?’ ಎಂದು ಅಜ್ಜಿ ಕೇಳಿದರೆ ಆ ಮಾತಿನಲ್ಲಿ ಅರ್ಥವಿದೆ. ಅಕ್ಕಿ ಚೀಲ ಕೊರೆದು, ಪುಸ್ತಕದ ಅಂಚು ಕಡಿದು, ರಾತ್ರಿಯಿಡೀ ಅಟ್ಟದ ಮೇಲೆ ಓಡಾಡುವ ಪ್ರಾಣಿಯನ್ನು ದುಡ್ಡು ಕೊಟ್ಟು ತರುವುದೆಂದರೆ ಯಾರಿಗಾದರೂ ವಿಚಿತ್ರವೆನಿಸುತ್ತದೆ. ಆದರೂ ಪೇಟೆಯ ಸಾಕುಪ್ರಾಣಿಗಳ ಅಂಗಡಿಗಳಲ್ಲಿ ಮೊಲದ ಗೂಡಿನ ಪಕ್ಕದಲ್ಲಿ ಬಿಳಿ ಇಲಿಗಳು ಕಾಣಸಿಗುತ್ತವೆ, ವಿದ್ಯಾರ್ಥಿಗಳು ಅವುಗಳನ್ನು ಮನೆಗೆ ಒಯ್ಯುತ್ತಾರೆ. ಹಾಗೆ ತಂದ ಇಲಿ ಒಂದೇ ತಿಂಗಳಲ್ಲಿ ಸತ್ತರೆ, ಅಥವಾ ಮೂರು ತಿಂಗಳಲ್ಲಿ ಅರವತ್ತಾದರೆ, ತಪ್ಪು ಸಾಮಾನ್ಯವಾಗಿ ಇಲಿಯದಲ್ಲ. ಆದ್ದರಿಂದ ಈ ಲೇಖನವನ್ನು ಅಂಗಡಿಗೆ ಹೋಗುವ ಮುನ್ನವೇ ಓದಿ.

ಅಂಗಡಿಯ ಬಿಳಿ ಇಲಿಯೂ ಅಡುಗೆಮನೆಯ ಬೂದು ಬಣ್ಣದ ಪುಟ್ಟ ಇಲಿಯೂ ಜೀವಶಾಸ್ತ್ರದ ದೃಷ್ಟಿಯಿಂದ ಒಂದೇ ಪ್ರಭೇದ. ಎರಡರ ವೈಜ್ಞಾನಿಕ ಹೆಸರೂ ಮಸ್ ಮಸ್ಕ್ಯುಲಸ್. ಈ ಲ್ಯಾಟಿನ್ ‘ಮಸ್’, ಇಂಗ್ಲಿಷಿನ ‘ಮೌಸ್’, ಗಣಪತಿಯ ವಾಹನಕ್ಕೆ ನಾವು ಹೇಳುವ ‘ಮೂಷಿಕ’ ಮೂರೂ ಒಂದೇ ಮೂಲದಿಂದ ಹುಟ್ಟಿದ ಪದಗಳು. ಬಣ್ಣಬಣ್ಣದ ಇಲಿಗಳನ್ನು ಸಾಕಿ ಬೆಳೆಸುವ ಬಗ್ಗೆ ಜಪಾನಿನಲ್ಲಿ 1787ರಷ್ಟು ಹಿಂದೆಯೇ ಕೈಪಿಡಿಯೊಂದು ಅಚ್ಚಾಗಿತ್ತು. ಇಂಗ್ಲೆಂಡಿನಲ್ಲಿ 1895ರಲ್ಲಿ ಇಲಿ ಸಾಕುವವರ ರಾಷ್ಟ್ರೀಯ ಸಂಘವೇ ಸ್ಥಾಪನೆಯಾಯಿತು. ಅಮೆರಿಕದ ಗ್ರ್ಯಾನ್‌ಬಿ ಎಂಬ ಊರಿನಲ್ಲಿ ಆ್ಯಬಿ ಲೇಥ್ರಾಪ್ ಎಂಬ ಮಾಜಿ ಶಾಲಾ ಶಿಕ್ಷಕಿ 1900ರ ಸುಮಾರಿಗೆ ಮಾರಾಟಕ್ಕೆಂದು ಇಲಿ ಸಾಕತೊಡಗಿದರು. ಕ್ರಮೇಣ ಅವರಿಗೆ ಗಿರಾಕಿಗಳಾದವರು ವಿಜ್ಞಾನಿಗಳು. ಅವರ ಇಲಿಗಳಿಂದ 1921ರಲ್ಲಿ ಬೆಳೆಸಿದ ಕಪ್ಪು ತಳಿಯೊಂದು ಇಂದಿಗೂ ಪ್ರಪಂಚದ ಪ್ರಯೋಗಾಲಯಗಳಲ್ಲಿದೆ. 2002ರಲ್ಲಿ ಇಲಿಯ ಜೀನೋಮ್ ಪ್ರಕಟವಾದಾಗ ಓದಿದ್ದು ಆ ತಳಿಯ ಡಿ.ಎನ್.ಎ.ಯನ್ನೇ.

ಪ್ರಭೇದ ಒಂದೇ ಎಂದಮಾತ್ರಕ್ಕೆ ಬೋನಿಗೆ ಬಿದ್ದ ಇಲಿಯನ್ನು ಸಾಕಲು ಹೊರಡಬೇಡಿ. ತಲೆಮಾರುಗಳಿಂದ ಮನುಷ್ಯರ ಕೈಯಲ್ಲಿ ಬೆಳೆದ ಇಲಿಗೂ ಚರಂಡಿಯಲ್ಲಿ ಓಡಾಡಿ ಬಂದ ಇಲಿಗೂ ಸ್ವಭಾವದಲ್ಲಿ ಬಹಳ ವ್ಯತ್ಯಾಸವಿದೆ. ಅದಕ್ಕಿಂತ ಮುಖ್ಯವಾಗಿ, ಹೊರಗಿನ ಇಲಿ ಹೆಗ್ಗಣಗಳ ಮೂತ್ರದಿಂದ ಲೆಪ್ಟೊಸ್ಪೈರೋಸಿಸ್, ಅಂದರೆ ಕರಾವಳಿ ಮತ್ತು ಮಲೆನಾಡಿನವರಿಗೆ ಚೆನ್ನಾಗಿ ಗೊತ್ತಿರುವ ‘ಇಲಿ ಜ್ವರ’ ಬರಬಹುದು. ಹೊರಗಿನ ಇಲಿ ನಿಮ್ಮ ಪಂಜರದ ಹತ್ತಿರ ಸುಳಿಯದಂತೆಯೂ ನೋಡಿಕೊಳ್ಳಬೇಕು. ಸಾಕಿದ ಇಲಿಯನ್ನು ಮುಟ್ಟಿದ ಮೇಲೂ ಪ್ರತಿ ಸಲ ಸೋಪಿನಿಂದ ಕೈ ತೊಳೆಯುವುದು ಕಡ್ಡಾಯ.

ಎಷ್ಟು ಇಲಿ ತರಬೇಕು? ಹೆಣ್ಣಿಲಿ ಗುಂಪಿನಲ್ಲಿ ಬಾಳುವ ಪ್ರಾಣಿ. ಎರಡು ಅಥವಾ ಮೂರು ಹೆಣ್ಣುಗಳನ್ನು ಒಟ್ಟಿಗೆ ತನ್ನಿ. ಪ್ರಾಯದ ಗಂಡುಗಳನ್ನು ಒಂದೇ ಪಂಜರದಲ್ಲಿಟ್ಟರೆ ರಕ್ತ ಬರುವಂತೆ ಕಚ್ಚಾಡುತ್ತವೆ, ಅವುಗಳ ಮೂತ್ರದ ವಾಸನೆಯೂ ಕಟು. ಗಂಡು ಹೆಣ್ಣು ಜೋಡಿ ಮಾತ್ರ ಬೇಡವೇ ಬೇಡ. ಈ ಲೆಕ್ಕ ಮಾಡಿ ನೋಡಿ: ಗರ್ಭಾವಧಿ ಸುಮಾರು 3 ವಾರ. ಒಂದು ಸೂಲಿಗೆ 8 ಮರಿ ಎಂದಿಟ್ಟುಕೊಳ್ಳಿ. ಹೆತ್ತ 24 ಗಂಟೆಯೊಳಗೆ ತಾಯಿ ಮತ್ತೆ ಗರ್ಭ ಧರಿಸಬಲ್ಲಳು. ಮರಿಗಳು ಸುಮಾರು 6 ವಾರಕ್ಕೆ ಪ್ರಾಯಕ್ಕೆ ಬರುತ್ತವೆ. ಹನ್ನೆರಡು ವಾರಗಳಲ್ಲಿ ತಾಯಿಯ ನಾಲ್ಕು ಸೂಲುಗಳಿಂದ 32, ಮೊದಲ ಸೂಲಿನ 4 ಹೆಣ್ಣುಮಕ್ಕಳು ಹೆತ್ತ 32, ಜೊತೆಗೆ ಮೂಲ ಜೋಡಿ, ಒಟ್ಟು 66. ಹಾಲೂಡಿಸುವ ತಾಯಿಗೆ ಮುಂದಿನ ಹೆರಿಗೆ ಕೆಲವು ದಿನ ತಡವಾಗುವುದುಂಟು. ಅದರಿಂದ ನಿಮ್ಮ ಕಷ್ಟವೇನೂ ದೊಡ್ಡದಾಗಿ ಕಡಿಮೆಯಾಗದು.

ಅಂಗಡಿಯವರು ‘ಎರಡೂ ಹೆಣ್ಣೇ’ ಎಂದರೆ ನಂಬುವ ಬದಲು ನೀವೇ ನೋಡಿ. ಮೂತ್ರದ್ವಾರಕ್ಕೂ ಗುದದ್ವಾರಕ್ಕೂ ನಡುವಿನ ಅಂತರ ಹೆಣ್ಣಿಗಿಂತ ಗಂಡಿನಲ್ಲಿ ಸುಮಾರು ಎರಡರಷ್ಟು. ಎರಡು ಇಲಿಗಳನ್ನು ಅಕ್ಕಪಕ್ಕ ಹಿಡಿದರೆ ವ್ಯತ್ಯಾಸ ಸ್ಪಷ್ಟ. ಹಾಗೆಯೇ, ಅಂಗಡಿಯಲ್ಲಿ ಗಂಡು ಹೆಣ್ಣುಗಳನ್ನು ಒಂದೇ ಗೂಡಿನಲ್ಲಿ ಇಟ್ಟಿದ್ದರೆ ನೀವು ತರುವ ಹೆಣ್ಣು ಆಗಲೇ ಬಸುರಿಯಾಗಿರಬಹುದು. ಇದನ್ನು ಮನೆಯವರಿಗೆ ಮೊದಲೇ ತಿಳಿಸಿಡುವುದು ಒಳ್ಳೆಯದು.

ಇನ್ನು ಮನೆಯ ವಿಚಾರ. ಹಳೆಯ ಮೀನಿನ ಗಾಜಿನ ತೊಟ್ಟಿ ಇದ್ದರೆ ಸಾಕು. ಎರಡು ಅಡಿ ಉದ್ದ, ಒಂದು ಅಡಿ ಅಗಲ, ಒಂದು ಅಡಿ ಎತ್ತರದ್ದು ಮೂರು ಹೆಣ್ಣುಗಳಿಗೆ ಸರಿಹೋಗುತ್ತದೆ. ಮೇಲೆ ಗಾಜಿನ ಮುಚ್ಚಳ ಕೂಡದು, ಭದ್ರವಾಗಿ ಕೂರುವ ತಂತಿ ಜಾಲರಿ ಬೇಕು. ಸರಳಿನ ಪಂಜರವಾದರೆ ಸಂದುಗಳನ್ನು ಅಳೆದು ನೋಡಿ: ನಿಮ್ಮ ಪೆನ್ಸಿಲ್ ತೂರುವ ಸಂದಿನಲ್ಲಿ ಮರಿ ಇಲಿಯೂ ತೂರಬಲ್ಲದು. ಪಂಜರದ ತಳಕ್ಕೆ ಬಡಗಿ ಅಂಗಡಿಯ ಮರದ ಹೊಟ್ಟು ಪುಕ್ಕಟೆ ಸಿಗುತ್ತದೆಂದು ತರಬೇಡಿ. ಅದರಲ್ಲಿ ಪ್ಲೈವುಡ್ಡಿನ ಅಂಟು, ಪಾಲಿಶಿನ ಪುಡಿ, ಉಸಿರಿಗೆ ಕೂಡದ ನವಿರಾದ ಧೂಳು ಎಲ್ಲವೂ ಇರುತ್ತವೆ. ಪೈನ್, ದೇವದಾರುಗಳಂಥ ಘಮಘಮಿಸುವ ಮರದ ಹೊಟ್ಟೂ ಇಲಿಗೆ ಒಳ್ಳೆಯದಲ್ಲ. ಅಚ್ಚಾಗದ ಬಿಳಿ ಕಾಗದವನ್ನು ಪಟ್ಟಿಪಟ್ಟಿಯಾಗಿ ಹರಿದು ಎರಡು ಮೂರು ಅಂಗುಲ ದಪ್ಪಕ್ಕೆ ಹಾಸಿ. ಗೂಡು ಕಟ್ಟಲು ಟಿಶ್ಯೂ ಕಾಗದ, ಒಣಗಿದ ಶುಚಿಯಾದ ಹುಲ್ಲು ಕೊಡಿ. ಹತ್ತಿ ಮೆತ್ತಗಿರುತ್ತದೆಂದು ಕೊಡುವವರುಂಟು. ಅದರ ಎಳೆ ಕಾಲಿಗೆ ಸುತ್ತಿಕೊಂಡು ರಕ್ತಸಂಚಾರ ನಿಲ್ಲಬಹುದು, ಹೊಟ್ಟೆಗೆ ಹೋದರೆ ಕರುಳು ಕಟ್ಟಬಹುದು. ಓಡುವ ಚಕ್ರ ಇಡುವುದಾದರೆ ಬಾಲ ಸಿಕ್ಕಿಕೊಳ್ಳದಂತೆ ಮೆಟ್ಟಿಲು ಸರಳುಗಳಿಲ್ಲದ, ಪೂರ್ತಿ ಮುಚ್ಚಿದ ಚಕ್ರವನ್ನೇ ಆರಿಸಿ.

ಬಿಸಿಲ ಸೀಮೆಯ ಓದುಗರಿಗೆ ಒಂದು ಮಾತು. ರಾಯಚೂರು, ಕಲಬುರಗಿಗಳ ಬೇಸಿಗೆಯಲ್ಲಿ ಕಿಟಕಿಯ ಬಳಿ ಇಟ್ಟ ಗಾಜಿನ ತೊಟ್ಟಿ ಒಲೆಯಾಗಿಬಿಡುತ್ತದೆ. ಇಲಿ ನಮ್ಮಂತೆ ಬೆವರುವುದಿಲ್ಲ. ಮೈಗೆ ಜೊಲ್ಲು ಸವರಿಕೊಂಡು ತಂಪು ಮಾಡಿಕೊಳ್ಳಲು ಪ್ರಯತ್ನಿಸುತ್ತದೆ, ಅದು ಹೆಚ್ಚು ಹೊತ್ತು ನಡೆಯುವುದಿಲ್ಲ. ಪಂಜರವನ್ನು ನೆರಳಿನ ಕೋಣೆಯಲ್ಲಿ ನೆಲಕ್ಕೆ ಹತ್ತಿರವಾಗಿ ಇಡಿ. ಒಡೆದ ಮಡಕೆಯ ಅರ್ಧಭಾಗವನ್ನು ಅಂಚು ಉಜ್ಜಿ ಮಗುಚಿಟ್ಟರೆ ತಂಪಾದ ಗುಹೆ ಸಿದ್ಧ. ಸೊಳ್ಳೆ ಬತ್ತಿ, ಊದುಬತ್ತಿ, ನುಸಿಗುಳಿಗೆ ಇವು ಯಾವುವೂ ಆ ಕೋಣೆಯಲ್ಲಿ ಬೇಡ.

ಶುಚಿ ಮಾಡುವಾಗ ಸ್ವಲ್ಪ ರಸಾಯನಶಾಸ್ತ್ರ ನೆನಪಿರಲಿ. ಮೂತ್ರದ ಯೂರಿಯಾವನ್ನು ಬ್ಯಾಕ್ಟೀರಿಯಾಗಳು ಒಡೆದಾಗ ಅಮೋನಿಯ ಹೊರಬರುತ್ತದೆ. ನಿಮ್ಮ ಮೂಗಿಗೆ ಅದು ತಿಳಿಯುವ ಹೊತ್ತಿಗೆ ಹಾಸಿಗೆಗೇ ಮೂಗು ಹಚ್ಚಿ ಮಲಗುವ ಇಲಿ ಅದನ್ನು ಬಹಳ ಹೊತ್ತಿನಿಂದ ಉಸಿರಾಡಿರುತ್ತದೆ. ಒದ್ದೆಯಾದ ಮೂಲೆಯನ್ನು ದಿನವೂ ತೆಗೆಯಿರಿ, ಹಾಸಿಗೆಯನ್ನು ವಾರಕ್ಕೊಮ್ಮೆ ಬದಲಿಸಿ. ಆದರೆ ಒಣಗಿರುವ ಗೂಡಿನ ಒಂದು ಹಿಡಿಯನ್ನು ಉಳಿಸಿ ಹೊಸ ಹಾಸಿಗೆಯಲ್ಲಿ ಇಡಿ. ಇಲಿಗೆ ತನ್ನ ಮನೆ ಗೊತ್ತಾಗುವುದು ವಾಸನೆಯಿಂದ. ಎಲ್ಲವನ್ನೂ ತೊಳೆದು ಫಳಫಳ ಹೊಳೆಸಿದರೆ ಅದಕ್ಕೆ ಊರೇ ಬದಲಾದಂತೆ.

ಊಟ ಸುಲಭ. ದಿನಕ್ಕೆ ಒಂದು ಇಲಿಗೆ 4-5 ಗ್ರಾಂ ಸಾಕು: ರಾಗಿ, ಜೋಳ, ಗೋಧಿ ನುಚ್ಚು, ಮೊಳಕೆ ಬರಿಸಿದ ಹೆಸರುಕಾಳು, ಆಗಾಗ ಬೇಯಿಸಿದ ಮೊಟ್ಟೆಯ ಚೂರು. ಕಡಲೆಕಾಯಿ ಬೀಜ, ಸೂರ್ಯಕಾಂತಿ ಬೀಜಗಳನ್ನು ಪಳಗಿಸುವ ವೇಳೆಗೆ ಲಂಚವಾಗಿ ಕಾದಿರಿಸಿ. ನೀರನ್ನು ಸೀಸೆಯಲ್ಲಿ ನೇತುಹಾಕಿ, ದಿನವೂ ಬದಲಿಸಿ. ಬಾಚಿಹಲ್ಲು ಜೀವನಪೂರ್ತಿ ಬೆಳೆಯುತ್ತಲೇ ಇರುತ್ತದೆ, ಕಡಿಯಲು ಮರದ ತುಂಡು ಬೇಕು. ಆ ಹಲ್ಲು ಹಳದಿಯಾಗಿದೆಯೆಂದು ಗಾಬರಿಪಡಬೇಡಿ. ಎನಾಮೆಲಿನಲ್ಲಿರುವ ಕಬ್ಬಿಣದ ಬಣ್ಣ ಅದು.

ನಮ್ಮ ವೃತ್ತಿಗೆ ಸಂಬಂಧಿಸಿದ ಒಂದು ಸಂಗತಿ ಇಲ್ಲಿ ಹೇಳಲೇಬೇಕು. ಹಳೆಯ ಪಿಕ್ಚರ್ ಟ್ಯೂಬ್ ಟೀವಿಗಳಲ್ಲಿ ಸೆಕೆಂಡಿಗೆ 25 ಚಿತ್ರ, ಪ್ರತಿ ಚಿತ್ರಕ್ಕೆ 625 ಗೆರೆ. ಗುಣಿಸಿದರೆ 15,625. ಅಷ್ಟು ಹರ್ಟ್ಜ್‌ನ ಒಂದು ಸಣ್ಣ ಕೀರಲು ಸದ್ದು ಆ ಪೆಟ್ಟಿಗೆಯಿಂದ ಹೊರಡುತ್ತಿತ್ತು. ಅಜ್ಜನಿಗೆ ಅದು ಕೇಳಿಸುತ್ತಿರಲಿಲ್ಲ, ಮೊಮ್ಮಗನಿಗೆ ಕೇಳಿಸುತ್ತಿತ್ತು. ಇಲಿಯ ಕಿವಿ ಅತ್ಯಂತ ಚುರುಕಾಗಿರುವುದು ಸರಿಸುಮಾರು ಅದೇ ಕಂಪನಾಂಕದಲ್ಲಿ! ನಾವು 20 ಸಾವಿರ ಹರ್ಟ್ಜ್‌ಗೆ ನಿಂತುಬಿಟ್ಟರೆ ಇಲಿ 85 ಸಾವಿರದ ತನಕ ಕೇಳಬಲ್ಲದು. ಗಂಡಿಲಿ ಹೆಣ್ಣಿಗಾಗಿ ಶ್ರವಣಾತೀತ ಧ್ವನಿಯಲ್ಲಿ ಹಾಡುತ್ತದೆಂದೂ, ಆ ಹಾಡಿನಲ್ಲಿ ಹಕ್ಕಿಯ ಹಾಡಿನಂತೆ ಪಲ್ಲವಿಗಳು ಮರುಕಳಿಸುತ್ತವೆಂದೂ 2005ರಲ್ಲಿ ಅಮೆರಿಕದ ಟಿಮೊಥಿ ಹೋಲಿ ಮತ್ತು ಝೋಂಗ್‌ಶೆಂಗ್ ಗುವೊ ತೋರಿಸಿದರು. ಇಂದು ಆ ಟೀವಿಗಳು ಮೂಲೆ ಸೇರಿದ್ದರೂ ಕೆಲವು ಚಾರ್ಜರುಗಳು, ದೀಪಗಳು ನಮಗೆ ಕೇಳಿಸದಂತೆ ಕೀರಲಬಹುದು. ಪಂಜರಕ್ಕೆ ಅವುಗಳಿಂದ ದೂರದ ಜಾಗ ಕೊಡಿ. ಇನ್ನು ಕಣ್ಣು: ಗಾಢ ಕೆಂಪು ಬೆಳಕು ಇಲಿಗೆ ಹೆಚ್ಚುಕಡಿಮೆ ಕತ್ತಲೆಯೇ. ಟಾರ್ಚಿನ ಗಾಜಿಗೆ ಎರಡು ಮೂರು ಪದರ ಕೆಂಪು ಜಿಲೆಟಿನ್ ಕಾಗದ ಕಟ್ಟಿ ರಾತ್ರಿ ಒಂಬತ್ತರ ಮೇಲೆ ನೋಡಿ. ಹಗಲೆಲ್ಲ ಮುದುಡಿ ಮಲಗಿದ ಪ್ರಾಣಿ ಆಗ ಗೂಡು ರಿಪೇರಿ ಮಾಡುತ್ತಿರುತ್ತದೆ, ಮೀಸೆ ತೊಳೆಯುತ್ತಿರುತ್ತದೆ.

ಈಗ ಮುಖ್ಯ ವಿಷಯ, ಪಳಗಿಸುವುದು. ಇಲಿಯನ್ನು ಬಾಲ ಹಿಡಿದು ಎತ್ತುವುದು ಪ್ರಯೋಗಾಲಯಗಳಲ್ಲಿ ಬಹುಕಾಲದಿಂದ ರೂಢಿಯಲ್ಲಿದ್ದ ಪದ್ಧತಿ. ಅದರಿಂದ ಇಲಿಗೆ ಏನಾಗುತ್ತದೆ ಎಂದು ಇಂಗ್ಲೆಂಡಿನ ಲಿವರ್‌ಪೂಲ್ ವಿಶ್ವವಿದ್ಯಾಲಯದ ಜೇನ್ ಹರ್ಸ್ಟ್ ಮತ್ತು ರೆಬೆಕ್ಕಾ ವೆಸ್ಟ್ ಪರೀಕ್ಷಿಸಿ, 2010ರಲ್ಲಿ ಫಲಿತಾಂಶ ಪ್ರಕಟಿಸಿದರು. ಕೆಲವು ಇಲಿಗಳನ್ನು ಬಾಲ ಹಿಡಿದು, ಕೆಲವನ್ನು ಬೊಗಸೆಯಲ್ಲಿ, ಇನ್ನು ಕೆಲವನ್ನು ಕೊಳವೆಯೊಳಗೆ ಹೊಗಿಸಿ ಎತ್ತಿದರು. ಆಮೇಲೆ ಅವುಗಳ ಭಯವನ್ನು ಅಳೆದರು. ಅಳೆಯುವುದು ಹೇಗೆ? ಕೂಡಿಸುವ ಚಿಹ್ನೆಯಂತೆ ನಾಲ್ಕು ತೋಳುಗಳಿರುವ, ನೆಲದಿಂದ ಎತ್ತರದಲ್ಲಿಟ್ಟ ಹಲಗೆ. ಎರಡು ತೋಳುಗಳಿಗೆ ಗೋಡೆ ಇದೆ, ಎರಡಕ್ಕೆ ಇಲ್ಲ. ಹೆದರಿದ ಇಲಿ ಗೋಡೆಯ ಮರೆ ಬಿಟ್ಟು ಬರುವುದಿಲ್ಲ, ನಿರಾಳವಾಗಿರುವ ಇಲಿ ಬಯಲಿನ ತೋಳಿಗೂ ಹೋಗಿ ಮೂಸಿ ಬರುತ್ತದೆ. ಬಾಲ ಹಿಡಿಸಿಕೊಂಡ ಇಲಿಗಳೇ ಹೆಚ್ಚು ಹೆದರಿದ್ದವು. ಮನುಷ್ಯನ ಕೈ ಕಂಡರೆ ದೂರ ಸರಿಯುತ್ತಿದ್ದವು. ಕೊಳವೆಯ ಇಲಿಗಳು ತಾವಾಗಿಯೇ ಹತ್ತಿರ ಬಂದವು. ಅಂದರೆ ಕೈಗೆ ಹೆದರುವುದು ಇಲಿಯ ಹುಟ್ಟುಗುಣವಷ್ಟೇ ಅಲ್ಲ, ಆ ಕೈ ಅದನ್ನು ಹೇಗೆ ಎತ್ತಿತು ಎಂಬುದರ ಮೇಲೂ ಅವಲಂಬಿಸಿದೆ. ನಿಮ್ಮ ಪ್ರಾಣಿಶಾಸ್ತ್ರದ ಪ್ರಯೋಗಾಲಯದಲ್ಲಿ ಯಾರಾದರೂ ಈಗಲೂ ಬಾಲ ಹಿಡಿದು ತೋರಿಸಿದರೆ ವಿನಯದಿಂದಲೇ ಈ ವಿಷಯ ಎತ್ತಿ.

ನಿಮಗೆ ಬೇಕಾದ ಸಲಕರಣೆ ಸುಮಾರು ಎರಡು ಅಂಗುಲ ಅಗಲ, ಐದು ಅಂಗುಲ ಉದ್ದದ ರಟ್ಟಿನ ಅಥವಾ ಪಿವಿಸಿ ಪೈಪಿನ ಒಂದು ತುಂಡು. ಮೊದಲ ಎರಡು ಮೂರು ದಿನ ಇಲಿಯನ್ನು ಮುಟ್ಟಬೇಡಿ. ಕೊಳವೆ ಪಂಜರದಲ್ಲೇ ಬಿದ್ದಿರಲಿ, ಅದರ ವಾಸನೆ ಹತ್ತಲಿ. ನಂತರ ಸಂಜೆ ಹೊತ್ತು ಅಂಗೈ ಮೇಲೆ ಒಂದು ಬೀಜ ಇಟ್ಟು ಕೈಯನ್ನು ಪಂಜರದ ನೆಲದ ಮೇಲೆ ಸುಮ್ಮನೆ ಚಾಚಿ. ಮೇಲಿನಿಂದ ಕೈ ಇಳಿಸಬೇಡಿ. ತಲೆಯ ಮೇಲಿನ ಪರದೆಯಲ್ಲಿ ಕಪ್ಪು ವೃತ್ತವೊಂದು ಬೇಗಬೇಗ ದೊಡ್ಡದಾಗುವುದನ್ನು ತೋರಿಸಿದರೆ ಇಲಿ ಓಡಿ ಅಡಗುತ್ತದೆ ಅಥವಾ ಕಲ್ಲಿನಂತೆ ನಿಲ್ಲುತ್ತದೆ ಎಂದು 2013ರ ಒಂದು ಪ್ರಯೋಗದಲ್ಲಿ ಕಂಡುಬಂತು. ಅದಕ್ಕೆ ಆ ವೃತ್ತ ಹದ್ದು. ನಿಮ್ಮ ಕೈಯೂ ಹದ್ದೇ. ಇಲಿ ಬೀಜ ಒಯ್ಯಲು ಕಲಿತ ಮೇಲೆ ಕೊಳವೆಯನ್ನು ಅದರ ಮುಂದೆ ಹಿಡಿದು, ಇನ್ನೊಂದು ಕೈಯಿಂದ ಹಿಂದಿನಿಂದ ಮೆಲ್ಲಗೆ ದಾರಿ ತೋರಿಸಿ. ಒಳಹೊಕ್ಕಾಗ ಎರಡೂ ಬಾಯಿಗಳಿಗೆ ಅಂಗೈ ಅಡ್ಡವಿಟ್ಟು ಎತ್ತಿ, ಅರ್ಧ ನಿಮಿಷ ಬಿಟ್ಟು ಇಳಿಸಿ. ಕೆಲವು ದಿನಗಳಲ್ಲಿ ಕೊಳವೆಯಿಂದ ಅಂಗೈಗೆ ಅದಾಗಿಯೇ ನಡೆದು ಬರುತ್ತದೆ. ನೆಲದ ಮೇಲೋ ಹಾಸಿಗೆಯ ಮೇಲೋ ಕೂತು ಮಾಡಿ, ನಿಂತು ಬೇಡ. ಇಲಿ ಕಚ್ಚಿದರೆ ಕೈ ಒದರಬೇಡಿ. ಅದು ಬಿದ್ದು ಬೆನ್ನು ಮುರಿದುಕೊಂಡೀತು. ಗಾಯವನ್ನು ಸೋಪು ನೀರಿನಲ್ಲಿ ತೊಳೆದು ವೈದ್ಯರಿಗೆ ತೋರಿಸಿ.

ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದ ತಂಡವೊಂದು 2014ರಲ್ಲಿ ಹೇಳಿದ್ದು ಸೋಜಿಗದ ವಿಷಯ: ಗಂಡಸರ ಮೈವಾಸನೆಗೆ, ಅವರು ತೊಟ್ಟು ಬಿಟ್ಟ ಅಂಗಿಯ ವಾಸನೆಗೂ ಇಲಿಗಳು ಒತ್ತಡಕ್ಕೆ ಒಳಗಾಗುತ್ತವೆ, ಹೆಂಗಸರದ್ದಕ್ಕೆ ಅಷ್ಟಿಲ್ಲ. ಹೊತ್ತು ಕಳೆದಂತೆ ಆ ಒತ್ತಡ ಇಳಿಯುತ್ತದೆ. ಹಾಗಾಗಿ ತಂಗಿಯ ಕೈಗೆ ಬಂದ ಇಲಿ ಅಣ್ಣನ ಕೈಗೆ ಬರದಿದ್ದರೆ ಅಣ್ಣ ಮುನಿಸಿಕೊಳ್ಳದೆ ಪಂಜರದ ಪಕ್ಕ ಅರ್ಧ ಗಂಟೆ ಪುಸ್ತಕ ಓದುತ್ತ ಕೂರಬೇಕು.

ಇಲಿಯ ಆಯುಸ್ಸು ಸುಮಾರು ಎರಡು ವರ್ಷ. ಪಿ.ಯು.ಸಿ. ಸೇರಿದಾಗ ತಂದದ್ದು ನಿಮ್ಮ ದ್ವಿತೀಯ ವರ್ಷದ ಪರೀಕ್ಷೆಯ ಹೊತ್ತಿಗೆ ಮುದಿಯಾಗಿ, ಬಹುಶಃ ಕಾಯಿಲೆ ಬಿದ್ದಿರುತ್ತದೆ. ಕೆದರಿದ ತುಪ್ಪಳ, ಉಸಿರಾಡುವಾಗ ಟಿಕ್ ಟಿಕ್ ಸದ್ದು, ತೂಕ ಇಳಿಯುವುದು ಇವು ಕಂಡ ದಿನವೇ ಪಶುವೈದ್ಯರ ಬಳಿ ಹೋಗಬೇಕು. ಆ ಹೊತ್ತಿನಲ್ಲಿ ಯಾರು ನೋಡಿಕೊಳ್ಳುತ್ತಾರೆ, ರಜಕ್ಕೆ ಊರಿಗೆ ಹೋದರೆ ಯಾರ ಮನೆಯಲ್ಲಿ ಬಿಡುತ್ತೀರಿ ಎಂದು ತರುವ ಮೊದಲೇ ತೀರ್ಮಾನಿಸಿಕೊಳ್ಳಿ. ಬೇಸರವಾಯಿತೆಂದು ಹಿತ್ತಿಲಿಗೆ ಬಿಡುವುದು ಬಿಡುಗಡೆಯಲ್ಲ. ಬಿಳಿ ಮೈಯ ಆ ಪ್ರಾಣಿ ಕಾಗೆಗೋ ಬೆಕ್ಕಿಗೋ ಒಂದು ದಿನದ ಊಟ.

ತಪ್ಪಿಸಿಕೊಂಡರೆ? ಮೊದಲು ಮನೆಯಲ್ಲಿಟ್ಟ ಇಲಿ ಪಾಷಾಣ, ಅಂಟು ಹಲಗೆಗಳನ್ನೆಲ್ಲ ತೆಗೆಸಿ, ಕೋಣೆಯ ಬಾಗಿಲ ಸಂದಿಗೆ ಬಟ್ಟೆ ತುರುಕಿ. ಇಲಿ ಬಯಲು ದಾಟುವುದಿಲ್ಲ, ಗೋಡೆಯ ಅಂಚನ್ನು ಮೀಸೆಯಿಂದ ತಡವಿಕೊಂಡೇ ಓಡುತ್ತದೆ. ಅದರ ವಾಸನೆ ಹತ್ತಿದ ಆ ಹಳೆಯ ಕೊಳವೆಯನ್ನೇ ಗೋಡೆಗೆ ಒತ್ತಿಟ್ಟು, ಒಳಗೆ ಹುರಿದ ಕಡಲೆಕಾಯಿ ಬೀಜ ಹಾಕಿ, ದೀಪ ಆರಿಸಿ, ಕೆಂಪು ಟಾರ್ಚ್ ಹಿಡಿದು ಕಾಯಿರಿ.