'ಇದು' ಎಂದರೆ ಯಾವುದು?

ಕಂಪನಿ ನಾಟಕ ನೋಡಿದವರಿಗೆ ಪರದೆಯ ಮಹಿಮೆ ಗೊತ್ತು. ಕಾಡಿನ ದೃಶ್ಯ ಮುಗಿಯಿತೋ, ಪರದೆ ಬೀಳುತ್ತದೆ. ಒಳಗೆ ಅರಮನೆ ಸಜ್ಜಾದ ಮೇಲೆ ಮತ್ತೆ ಏಳುತ್ತದೆ. ಕಂಪ್ಯೂಟರಿನ ತೆರೆಯ ಮೇಲೂ ಇಂಥದೇ ಆಟ. ಕೊಂಡಿಯೊಂದನ್ನು ಒತ್ತಿದರೆ ಹಳೆಯ ಬರಹ ಮೆಲ್ಲಗೆ ಮಸುಕಾಗುತ್ತದೆ, ಹೊಸದು ಮೆಲ್ಲಗೆ ಮೂಡುತ್ತದೆ. ಜಾನ್ ರೆಸಿಗ್ 2006ರಲ್ಲಿ ಬಿಡುಗಡೆ ಮಾಡಿದ ಜೆಕ್ವೆರಿ ಈ ಕೆಲಸವನ್ನು ಫೇಡ್‌ಔಟ್, ಲೋಡ್, ಫೇಡ್‌ಇನ್ ಎಂಬ ಮೂರೇ ಆಜ್ಞೆಗಳಿಗೆ ಇಳಿಸಿತು.

ಆದರೆ ಮೂರನ್ನೂ ಒಂದರ ಕೆಳಗೊಂದು ಬರೆದರೆ ಸಾಲದು. ಬೇರೆ ಹೇಳದಿದ್ದರೆ ಮಸುಕಾಗಲು 400 ಮಿಲಿಸೆಕೆಂಡು ಹಿಡಿಯುತ್ತದೆ. ಹೊಸ ಪುಟ ದೂರದ ಸರ್ವರಿನಿಂದ ಬರಲು ಎಷ್ಟು ಹೊತ್ತೋ! ಜಾವಾಸ್ಕ್ರಿಪ್ಟ್ ಇದಕ್ಕೆಲ್ಲ ಕಾಯದೆ ಮುಂದಿನ ಸಾಲಿಗೆ ಹೋಗಿಬಿಡುತ್ತದೆ. ಆದ್ದರಿಂದ 'ಈ ಕೆಲಸ ಮುಗಿದ ಮೇಲೆ ಆ ಕೆಲಸ ಮಾಡು' ಎಂದು ಮೊದಲೇ ಚೀಟಿ ಬರೆದುಕೊಡಬೇಕು. ಆ ಚೀಟಿಯೇ ಕಾಲ್‌ಬ್ಯಾಕ್.

ತೊಡಕಿರುವುದು ಚೀಟಿಯೊಳಗಿನ ಒಂದು ಪದದಲ್ಲಿ. ಅದು 'ದಿಸ್', ಅಂದರೆ 'ಇದು'. ಬ್ರೆಂಡನ್ ಐಕ್ 1995ರಲ್ಲಿ ಹತ್ತೇ ದಿನಗಳಲ್ಲಿ ಮೊದಲ ರೂಪ ಕೊಟ್ಟ ಈ ಭಾಷೆಯಲ್ಲಿ 'ದಿಸ್' ಯಾವುದೆಂಬುದು ಬರೆದಾಗ ತೀರ್ಮಾನವಾಗುವುದಿಲ್ಲ. ಚೀಟಿಯನ್ನು ಯಾರು, ಹೇಗೆ ಜಾರಿಗೆ ತರುತ್ತಾರೆ ಎಂಬುದರ ಮೇಲೆ ನಿಂತಿದೆ. ಕೊಂಡಿ ಒತ್ತಿದಾಗ ಓಡುವ ಫಂಕ್ಷನ್ನಿನಲ್ಲಿ 'ದಿಸ್' ಎಂದರೆ ಕೊಂಡಿ. ಫೇಡ್‌ಔಟ್ ಮುಗಿದಾಗ ಓಡುವ ಕಾಲ್‌ಬ್ಯಾಕಿನಲ್ಲಿ 'ದಿಸ್' ಎಂದರೆ ಮಸುಕಾದ ಪೆಟ್ಟಿಗೆ. ಕಿರೀಟ ತೋರಿಸಿ, 'ಪರದೆ ಬಿದ್ದ ಮೇಲೆ ಇದನ್ನು ತಾರಪ್ಪ' ಎಂದರೆ, ಪರದೆ ಎಳೆಯುವವನು ತನ್ನ ಕೈಯಲ್ಲಿರುವ ಹಗ್ಗವನ್ನೇ ತಂದ ಹಾಗೆ!

ಪರಿಣಾಮ? ಹೋಗಬೇಕಾದ ಪುಟದ ವಿಳಾಸ ಕೊಂಡಿಯಲ್ಲಿದೆ, ಪೆಟ್ಟಿಗೆಯಲ್ಲಿಲ್ಲ. ಹಳೆಯದು ಮಾಯವಾಯಿತು, ಹೊಸದು ಬರಲೇ ಇಲ್ಲ. ಪರೀಕ್ಷೆಯ ಫಲಿತಾಂಶಕ್ಕೋ ರೈಲಿನ ವೇಳೆಗೋ ಕಾದವರ ಮುಂದೆ ಬರೀ ಖಾಲಿ ಜಾಗ. ತೆರೆಯ ಮೇಲೆ ತಪ್ಪಿನ ಸೂಚನೆಯೂ ಇಲ್ಲ. ಪಾಪ, ಅವರು ತಮ್ಮ ಫೋನನ್ನೇ ಬೈದುಕೊಳ್ಳುತ್ತಾರೆ.

ರೋಗ ಪತ್ತೆ ಕಷ್ಟವಲ್ಲ. ಕಾಲ್‌ಬ್ಯಾಕಿನ ಹೊರಗೊಮ್ಮೆ, ಒಳಗೊಮ್ಮೆ 'ದಿಸ್' ಏನೆಂದು ಬ್ರೌಸರಿನ ಕನ್ಸೋಲಿನಲ್ಲಿ ಮುದ್ರಿಸಿ ನೋಡಿ. ಎರಡೂ ಬೇರೆಯಾಗಿದ್ದರೆ ಕಳ್ಳ ಸಿಕ್ಕಿಬಿದ್ದಂತೆ.

ಮದ್ದು ಮೂರಿವೆ. ಹಳೆಯದು, ಫೇಡ್‌ಔಟ್ ಶುರುವಾಗುವ ಮೊದಲೇ ಕೊಂಡಿಗೊಂದು ಹೆಸರಿಟ್ಟು, ಚೀಟಿಯಲ್ಲಿ ಆ ಹೆಸರನ್ನೇ ಬರೆಯುವುದು. ಎರಡನೆಯದು, 2009ರ ಭಾಷಾ ಮಾನಕದಲ್ಲಿ ಬಂದ 'ಬೈಂಡ್'. ಅದು 'ದಿಸ್' ಅನ್ನು ಬೇಕಾದ ವಸ್ತುವಿಗೆ ಕಟ್ಟಿಹಾಕುತ್ತದೆ. ಮೂರನೆಯದು 2015ರ ಆ್ಯರೋ ಫಂಕ್ಷನ್. ಅದಕ್ಕೆ ಸ್ವಂತದ 'ದಿಸ್' ಇಲ್ಲ. ಸುತ್ತಲಿನ ಫಂಕ್ಷನ್ನಿನದನ್ನೇ ಬಳಸುತ್ತದೆ. ಆದರೆ ಎಚ್ಚರ! ಕೊಂಡಿ ಒತ್ತಿದಾಗ ಓಡುವ ಹೊರಗಿನ ಫಂಕ್ಷನ್ನನ್ನೂ ಆ್ಯರೋ ಮಾಡಿದರೆ ಕೊಂಡಿಯೇ ಕೈತಪ್ಪುತ್ತದೆ.

ಮೂರರಲ್ಲಿ ಮೊದಲನೆಯದೇ ಓದುವವರಿಗೆ ಸುಲಭ. 'ಇದು', 'ಅದು' ಎನ್ನುವ ಬದಲು ಹೆಸರು ಹಿಡಿದು ಕರೆದರೆ ಯಂತ್ರಕ್ಕೂ ಗೊಂದಲವಿಲ್ಲ, ನಾಳೆ ಆ ಪ್ರೋಗ್ರಾಮನ್ನು ತಿದ್ದಲು ಕೂರುವ ಮನುಷ್ಯನಿಗೂ ಇಲ್ಲ.